ಗೋಪ್ಯವಾಗಿ ಹೇಳಿದ ಮಾತಿಗೆ ಹೊದಿಸಿದ ಶಾಲು

ಮಾನ್ಯ ಠಾಣಾಧಿಕಾರಿಗಳೇ,

ತಾವು ನನಗೆ ಹೊದಿಸಿದ ಶಾಲನ್ನು ದಯವಿಟ್ಟು ವಾಪಸು ತೆಗೆದುಕೊಳ್ಳಿ. ಶಾಲಿಗೆ ಏನೂ ಆಗಿಲ್ಲ. ಆ ದಿನ ಹೊದ್ದದ್ದು ಬಿಟ್ಟರೆ ಮತ್ತೆ ಬಿಚ್ಚಿಲ್ಲ, ಒಗೆದೂ ಇಲ್ಲ. ಅದರ ಜೊತೆಗೆ ಕೊಟ್ಟ ಅಭಿನಂದನಾ ಪತ್ರ ಕೂಡ ಮಡಿಕೆ ಬೀಳದೆ ಹಾಗೇ ಇದೆ. ಕೆಟ್ಟಿರುವುದು ಬೇರೆ. ಗೋಪ್ಯವಾಗಿಡುತ್ತೇವೆ ಎಂದು ನನ್ನಿಂದ ಕೇಳಿಸಿಕೊಂಡ ಮಾತನ್ನು ತಾವು ಇನ್ನೂರು ಜನರ ಮುಂದೆ ಮೈಕಿನಲ್ಲಿ ಹೇಳಿದಿರಿ. ಅಂದಿನಿಂದ ನಮ್ಮ ಬೀದಿಯಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ. ಇದೇ ನನ್ನ ದೂರು. ಮೊದಲು ಠಾಣೆಗೇ ಬಂದು ಬರೆದುಕೊಟ್ಟೆ, ಉತ್ತರ ಬರಲಿಲ್ಲ. ನನ್ನ ಗೋಪ್ಯ ಮಾತೇ ಊರಿಗೆಲ್ಲ ಗೊತ್ತಾದ ಮೇಲೆ ದೂರನ್ನು ಮಾತ್ರ ಮುಚ್ಚಿಟ್ಟುಕೊಂಡು ಕೂರುವುದರಲ್ಲಿ ಅರ್ಥ ಕಾಣದೆ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ತಿಂಗಳಿಗೊಬ್ಬರಿಗೆ ಶಾಲು ಹೊದಿಸುವವರು ಎಷ್ಟು ಮುಖಗಳನ್ನು ನೆನಪಿಟ್ಟುಕೊಳ್ಳಲು ಸಾಧ್ಯ? ಸಿರುಗುಪ್ಪಕ್ಕೂ ಕುರುಗೋಡಿಗೂ ನಡುವಿನ ಈ ಪುಟ್ಟ ಪಟ್ಟಣದ ಶಾಲೆ ಬೀದಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವವಳು ನಾನು. ಕರೂರಿನಿಂದ ಮದುವೆಯಾಗಿ ಇಲ್ಲಿಗೆ ಬಂದೆ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು, ಮಕ್ಕಳಿಲ್ಲ. ಆದರೂ ಒಂಟಿಯಾಗಿದ್ದೇನೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಮಷಿನ್ನು ಪಡಸಾಲೆಯಲ್ಲಿತ್ತು, ಬಾಗಿಲು ಬೀದಿಗೆ ತೆರೆದಿತ್ತು. ಹುಕ್ಕು ಹಚ್ಚಿಸಿಕೊಳ್ಳಲು ಬಂದವರು ಮಧ್ಯಾಹ್ನದವರೆಗೆ ಕೂತು ಹೋಗುತ್ತಿದ್ದರು.

ಬೀದಿಯ ಪ್ರತಿ ಮನೆಯ ಹೆಂಗಸಿನದೂ ಒಂದು ಅಳತೆ ಜಂಪರ್ ನನ್ನ ಬಳಿ ಇರುತ್ತಿತ್ತು. ತಮಗೆ ಇದು ತಿಳಿಯದಿರಬಹುದು, ಹೇಳುತ್ತೇನೆ. ಮೈಗೆ ಸರಿಯಾಗಿ ಕೂತ ಹಳೆಯ ರವಿಕೆಯೊಂದನ್ನು ಟೈಲರಿಗೆ ಕೊಟ್ಟಿಟ್ಟರೆ ಪ್ರತಿ ಸಲ ಬಂದು ಅಳತೆ ಕೊಡಬೇಕಾಗಿಲ್ಲ. ಬಟ್ಟೆ ಕಳಿಸಿದರೆ ಸಾಕು, ಅದನ್ನು ನೋಡಿ ಹೊಲಿಯುತ್ತೇವೆ. ಹಾಗೆ ಕೊಟ್ಟಿಡುವುದೆಂದರೆ, ಇನ್ನು ಮುಂದೆ ನನ್ನ ಟೈಲರ್ ನೀನೇ ಎಂದು ಹೇಳಿದ ಹಾಗೆ. ನನ್ನ ಗೋಡೆಯ ಗೂಟಗಳಿಗೆ ಮೂವತ್ತೊಂದು ಜಂಪರ್ ತೂಗುತ್ತಿದ್ದವು. ಎಲ್ಲಕ್ಕಿಂತ ಹಳೆಯದು ಎದುರುಮನೆಯ ಗೆಳತಿಯದು. ಅವಳನ್ನು ಇಲ್ಲಿ ಜಂಬಮ್ಮ ಎಂದು ಕರೆಯುತ್ತೇನೆ. ನಿಜವಾದ ಹೆಸರು ತಮಗೆ ಗೊತ್ತೇ ಇದೆ, ಪತ್ರಿಕೆ ಓದುವವರಿಗೆ ಬೇಡ. ಹೆಸರು ಮುಚ್ಚಿಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ, ನೋಡಿ. ನನ್ನ ಗಂಡ ಸತ್ತ ವರ್ಷ ಈ ಜಂಬಮ್ಮ ಆರು ತಿಂಗಳು ತನ್ನ ತಟ್ಟೆಯಲ್ಲಿ ರೊಟ್ಟಿ ಪಲ್ಯ ಹಾಕಿಕೊಂಡು ರಸ್ತೆ ದಾಟಿ ಬಂದು ನನ್ನ ಎದುರಿಗೆ ಕೂತು ಉಣ್ಣುತ್ತಿದ್ದಳು. ನಾನು ಒಬ್ಬಳೇ ಕೂತರೆ ಉಣ್ಣುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಳೆದ ವರ್ಷ ತಾವು ಶಾಲೆಯ ಅಂಗಳದಲ್ಲಿ ಸಭೆ ಕರೆದು ಠಾಣೆ ಮತ್ತು ಜನರ ಸಹಭಾಗಿತ್ವ ಸಮಿತಿ ಮಾಡಿದಿರಿ. ಬೀದಿಗೊಬ್ಬರು ಸದಸ್ಯರಾಗಬೇಕಿತ್ತು. ಬೀದಿಗೆ ಬಾಗಿಲು ತೆರೆದು ದಿನವಿಡೀ ಕೂರುವವಳು ನಾನೇ ಆದ್ದರಿಂದ ನನ್ನ ಹೆಸರು ಬರೆದುಕೊಂಡರು. ತಮ್ಮ ಅಂದಿನ ಭಾಷಣ ನನಗೆ ಚೆನ್ನಾಗಿ ನೆನಪಿದೆ. ಪೊಲೀಸರೆಂದರೆ ನಿಮ್ಮ ಮನೆಯ ಮಗ ಇದ್ದ ಹಾಗೆ, ಏನೇ ಇದ್ದರೂ ನೇರವಾಗಿ ನಮಗೆ ಹೇಳಿ, ನಿಮ್ಮ ಹೆಸರು ಗಾಳಿಗೂ ಗೊತ್ತಾಗುವುದಿಲ್ಲ ಎಂದಿರಿ. ಮರುದಿನ ನಮ್ಮ ಬೀದಿಗೆ ಗಸ್ತು ಬರುವ ಬೀಟ್ ಪೊಲೀಸ್ ಹುಡುಗ ಬಂದು 'ಠಾಣೆಯ ಗೆಳೆಯರ ಮನೆ' ಎಂಬ ಹೊಳೆಯುವ ಸ್ಟಿಕ್ಕರನ್ನು ನನ್ನ ಬಾಗಿಲಿಗೆ ಅಂಟಿಸಿ ಫೋಟೋ ತೆಗೆದುಕೊಂಡು ಹೋದ. ಹೆಸರು ಯಾರಿಗೂ ಗೊತ್ತಾಗಬಾರದ ಗೆಳೆಯರ ಬಾಗಿಲಿಗೆ ಬೋರ್ಡು ಯಾಕೆ ಎಂದು ಅಂದೇ ಕೇಳಬೇಕಿತ್ತು. ಕೇಳಲಿಲ್ಲ. ಆ ಹುಡುಗ ನಗುತ್ತ ಅಕ್ಕಾ ಎಂದು ಕರೆದದ್ದರಲ್ಲಿಯೇ ನಾನು ಕರಗಿಹೋಗಿದ್ದೆ.

ಇನ್ನು ಆ ಗೋಪ್ಯ ಮಾತು ಯಾವುದೆಂದರೆ ಮರಳಿನ ಟ್ರ್ಯಾಕ್ಟರಿನದು. ಹೊಳೆಯ ಕಡೆಯಿಂದ ಬರುವ ಟ್ರ್ಯಾಕ್ಟರುಗಳು ಮರಳು ಇಳಿಸಿ ಬೆಳಿಗ್ಗೆ ಶಾಲೆ ಕೂಡುವ ಹೊತ್ತಿಗೆ ನಮ್ಮ ಬೀದಿಯಲ್ಲೇ ಹಿಂತಿರುಗುತ್ತವೆ. ಖಾಲಿ ಟ್ರೈಲರು, ಡ್ರೈವರ್‌ಗಳಿಗೆ ಅವಸರ. ಒಂದು ದಿನ ಶಾಲೆಗೆ ಹೊರಟಿದ್ದ ನಮ್ಮ ಬೀದಿಯ ಪಾಲಯ್ಯನವರ ಮೊಮ್ಮಗಳು ಪಕ್ಕಕ್ಕೆ ಸರಿಯಲು ಹೋಗಿ ಚರಂಡಿಗೆ ಬಿದ್ದು ಕೈ ಮುರಿದುಕೊಂಡಳು. ನನ್ನ ಕಣ್ಣೆದುರೇ ನಡೆಯಿತು. ಸಂಜೆ ಬೀಟಿನ ಹುಡುಗ ಬಂದಾಗ ನಾನು ಹೇಳಿದ್ದು ಇಷ್ಟೇ. "ಸಾಲಿ ಹೊತ್ತಿನಾಗ ನಿಧಾನ ಹೋಗ್ರಿ ಅಂತ ಒಂದು ಮಾತು ಗದರಿಸಿ ಹೇಳ್ರಿ. ಕೇಸು ಗೀಸು ಬ್ಯಾಡ."

"ಹೆಸರಿಲ್ಲದ ಯಾರಿಗೆ ಹೇಳ್ಲಿ ಅಕ್ಕಾ? ಡ್ರೈವರ್ ಯಾರು ಅಂತ ಒಂದು ಹೆಸರು ಕೊಡ್ರಿ. ನಮ್ಮ ಹತ್ರಾನ ಇರತೈತಿ," ಎಂದ ಆ ಹುಡುಗ.

ಆ ದಿನದ ಡ್ರೈವರ್ ಜಂಬಮ್ಮನ ಮಗ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅಂದು ಆ ಹುಡುಗನಿಗೆ ಹೇಳಿದ್ದೇ ಸಾಕು.

ಅವನನ್ನು ಯಾರೂ ಗದರಿಸಲಿಲ್ಲ. ಮೂರನೆಯ ದಿನ ಟ್ರ್ಯಾಕ್ಟರ್ ಜಪ್ತಿಯಾಯಿತು, ಅವನ ಮೇಲೆ ಅಕ್ರಮ ಮರಳು ಸಾಗಣೆಯ ಕೇಸು ದಾಖಲಾಯಿತು. ಅಕ್ರಮ ನಡೆದದ್ದು ನಿಜ, ಕಾನೂನಿನ ಪ್ರಕಾರ ತಾವು ಮಾಡಿದ್ದು ಸರಿಯೇ ಇರಬಹುದು, ನಾನು ವಾದಿಸುವುದಿಲ್ಲ. ಆದರೆ ಅಷ್ಟು ವರ್ಷ ಠಾಣೆಯ ಮುಂದೆಯೇ ಹಾದುಹೋಗುತ್ತಿದ್ದ ಟ್ರ್ಯಾಕ್ಟರುಗಳನ್ನು ಕಾಣಲು ತಮಗೆ ಒಬ್ಬ ಟೈಲರ್ ಹೆಂಗಸಿನ ಕಣ್ಣು ಬೇಕಾಯಿತೇ? ಟ್ರ್ಯಾಕ್ಟರ್ ಮಾಲೀಕರು ತಿಂಗಳೊಳಗೆ ಬಿಡಿಸಿಕೊಂಡು ಹೋದರು, ಈಗಲೂ ಅದೇ ಬೀದಿ, ಅದೇ ಹೊತ್ತು, ಅದೇ ವೇಗ, ಡ್ರೈವರ್ ಮಾತ್ರ ಬೇರೆ. ಜಂಬಮ್ಮನ ಮಗನಿಗೆ ಕೆಲಸ ಹೋಯಿತು. ಈಗ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಶೆಡ್ಡೊಂದರಲ್ಲಿ ಪ್ಯಾಂಟುಗಳ ದಾರ ಕತ್ತರಿಸುತ್ತಾನಂತೆ. ಕೋರ್ಟಿನ ದಿನ ಮಾತ್ರ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಬಂದು ಅಲ್ಲಿಂದಲೇ ಹಿಂತಿರುಗುತ್ತಾನೆ. ಪಾಲಯ್ಯನವರ ಮೊಮ್ಮಗಳು ಈಗಲೂ ಗೋಡೆಗೆ ಅಂಟಿಕೊಂಡೇ ಶಾಲೆಗೆ ನಡೆಯುತ್ತಾಳೆ. ಇದರಲ್ಲಿ ಯಾರಿಗೆ ಯಾವ ರಕ್ಷಣೆ ಸಿಕ್ಕಿತು ಎಂದು ತಾವು ದಯಮಾಡಿ ತಿಳಿಸಬೇಕು.

ಇಷ್ಟಾದರೂ ಹೇಳಿದ್ದು ನಾನು ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಗಣೇಶನ ಹಬ್ಬಕ್ಕೆ ಮುಂಚಿನ ಶಾಂತಿ ಸಭೆಯಲ್ಲಿ. ಸಮುದಾಯ ಭವನ ತುಂಬಿತ್ತು. ಪೆಂಡಾಲಿನವರು, ಮಸೀದಿಯ ಹಿರಿಯರು, ವ್ಯಾಪಾರಸ್ಥರು, ಮೂರನೆಯ ಸಾಲಿನಲ್ಲಿ ನಮ್ಮ ಬೀದಿಯ ಹೆಂಗಸರು. ಸಮಿತಿಯ ಸದಸ್ಯೆ ನಾಗಲಕ್ಷ್ಮಿಯವರು ವೇದಿಕೆಗೆ ಬರಬೇಕು ಎಂದು ಮೈಕಿನಲ್ಲಿ ಕೂಗಿದರು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಮೈಕಿನಲ್ಲಿ ಯಾರಾದರೂ ನನ್ನ ಹೆಸರನ್ನು ಕರೆದದ್ದು ಜೀವನದಲ್ಲಿ ಅದೇ ಮೊದಲು. ಸೆರಗು ಸರಿಮಾಡಿಕೊಂಡು ಹತ್ತಿದೆ. ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ಫೋಟೋದವನು ಹೇಳಿದ ಕಡೆಗೆ ನೋಡಿದೆ. ಆಮೇಲೆ ತಾವು ಹೇಳಿದಿರಿ: ಇವರು ಕೊಟ್ಟ ಖಚಿತ ಮಾಹಿತಿಯಿಂದಲೇ ಶಾಲೆ ಬೀದಿಯ ಮರಳು ಟ್ರ್ಯಾಕ್ಟರ್ ಹಿಡಿಯಲು ಸಾಧ್ಯವಾಯಿತು, ಎಲ್ಲರೂ ಇವರಂತೆ ಧೈರ್ಯವಾಗಿ ಮುಂದೆ ಬರಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಯಾರೂ ತಟ್ಟಲಿಲ್ಲ. ಜಂಬಮ್ಮ ತನ್ನ ಚಪ್ಪಲಿ ಹುಡುಕುತ್ತಿದ್ದಳು. ನಾನಿನ್ನೂ ಫೋಟೋಕ್ಕೆ ನಗುತ್ತಿದ್ದೆ. ಆ ಫೋಟೋ ತಮ್ಮ ಠಾಣೆಯ ವಾಟ್ಸಾಪ್ ಗುಂಪಿನಲ್ಲಿ ಈಗಲೂ ಇದೆ. ನನ್ನ ನಗು ನೋಡಲು ನನಗೇ ಆಗುವುದಿಲ್ಲ.

ಮರುದಿನ ಬೆಳಿಗ್ಗೆ ಜಂಬಮ್ಮ ಬಂದಳು. ಒಳಗೆ ಬರಲಿಲ್ಲ, ಕಟ್ಟೆಯ ಕೆಳಗೆ ರಸ್ತೆಯಲ್ಲೇ ನಿಂತಳು. ಜಗಳಕ್ಕೆ ಬಂದವಳಂತೆ ಇರಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಇಪ್ಪತ್ತಾರು ವರ್ಷ ಆತು. ನನ್ನ ಮೈ ಅಳತಿ ನಿನಗ ಗೊತ್ತೈತಿ," ಎಂದಳು. "ನನ್ನ ಮಗನ ಸುದ್ದಿ ನನಗ ಹೇಳಾಕ ಮಾತ್ರ ನಿನಗ ಬಾಯಿ ಬರಲಿಲ್ಲೇನು?"

"ಕೇಸು ಬ್ಯಾಡ ಅಂತ ಹೇಳಿದ್ದೆ ಜಂಬಮ್ಮ. ಬರೇ ಗದರಿಸ್ರಿ ಅಂದಿದ್ದೆ."

"ನಾನು ಗದರಿಸ್ತಿದ್ನಲ್ಲ. ಕಪಾಳಕ್ಕ ಎರಡು ಕೊಡತಿದ್ದೆ. ರಸ್ತೆ ದಾಟಿ ಬಂದು ಒಂದು ಮಾತು ಹೇಳಿದ್ರ ಆಗತಿತ್ತು. ನೀನು ಠಾಣಿಗೆ ಹೇಳಿದಿ."

ಅಷ್ಟು ಹೇಳಿ ಹೋದಳು. ಆಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ.

ಜಂಪರುಗಳು ಹೋದದ್ದು ಆ ವಾರದಿಂದ. ಮೊದಲು ನಮ್ಮ ಬೀದಿಯ ಸುನಂದಾ ಬಂದಳು. "ಊರಿಗೆ ಹೋಗೋದೈತಿ, ಅಲ್ಲೇ ಹೊಲಿಸ್ತೀನಿ. ಅಳತಿ ಜಂಪರ್ ಒಂದು ಕೊಟ್ಟುಬಿಡ್ರಿ," ಎಂದಳು. ಕೊಟ್ಟೆ. ಮಾರನೆಯ ದಿನ ಇಬ್ಬರು ಬಂದರು. ಕೆಲವರು ಕಾರಣ ಹೇಳಿದರು, ಕೆಲವರು ಮಗಳನ್ನು ಕಳಿಸಿದರು. ಒಬ್ಬಳು ಮಾತಾಡದೆ ತಾನೇ ಗೂಟದಿಂದ ತೆಗೆದುಕೊಂಡು ಹೋದಳು. ದಸರೆಯ ಹೊತ್ತಿಗೆ ನನ್ನ ಗೋಡೆಯಲ್ಲಿ ಮೂವತ್ತು ಗೂಟಗಳು ಖಾಲಿಯಾಗಿದ್ದವು. ಬೇರೆ ಬೀದಿಯಿಂದ ಬಟ್ಟೆ ಬರುತ್ತದೆ, ಹೊಟ್ಟೆಗೆ ತೊಂದರೆಯಿಲ್ಲ, ತಾವು ಅದಕ್ಕಾಗಿ ನೊಂದುಕೊಳ್ಳಬೇಕಾಗಿಲ್ಲ. ಬಂದವರು ಬಟ್ಟೆ ಕೊಟ್ಟು ಹೋಗುತ್ತಾರೆ, ಕೂರುವುದಿಲ್ಲ. ದಿನವಿಡೀ ನಾನು ಕೇಳುವ ಸದ್ದೆಂದರೆ ಮಷಿನ್ನಿನದು. ಕೆಲವು ಸಲ ದಾರ ಮುಗಿದರೂ ಸುಮ್ಮನೆ ಪೆಡಲ್ ತುಳಿಯುತ್ತ ಕೂತಿರುತ್ತೇನೆ.

ತಮ್ಮ ಠಾಣೆಗೆ ಬಂದಿದ್ದೆನಲ್ಲ, ಆಗಿನದನ್ನೂ ಹೇಳಿಬಿಡುತ್ತೇನೆ. ತಾವು ಯಾವುದೋ ಸಭೆಗೆ ಹೋಗಿದ್ದಿರಿ. ಠಾಣೆಯ ಕಾಗದಪತ್ರ ಬರೆಯುವ ರೈಟರ್ ಅವರು ನನ್ನ ಅರ್ಜಿಯನ್ನು ಎರಡು ಸಲ ಓದಿದರು. "ನಾಕು ಮಂದಿ ಮುಂದ ಮರ್ಯಾದಿ ಮಾಡ್ಯಾರ, ಅದಕ್ಕೂ ಕಂಪ್ಲೇಂಟ್ ಏನವ್ವ?" ಎಂದರು. "ಶಾಲು ಹೊದಿಸಿದ್ದಕ್ಕ ಯಾವ ಸೆಕ್ಷನ್ ಹಾಕೋಣು, ನೀನ ಹೇಳು." ಪಕ್ಕದವರು ನಕ್ಕರು. ನನಗೂ ನಗು ಬಂತು, ಏಕೆಂದರೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಕೊಟ್ಟ ಮಾತು ಮುರಿದದ್ದಕ್ಕೆ ಯಾವ ಸೆಕ್ಷನ್ನೂ ಇಲ್ಲ. ಮೂವತ್ತು ಮನೆಗಳು ಒಬ್ಬಳ ಮುಖ ನೋಡದೆ ಹಾದುಹೋದರೆ ಅದಕ್ಕೂ ಇಲ್ಲ.

ಬೀಟಿನ ಹುಡುಗನಿಗೆ ಕುರುಗೋಡಿನ ಕಡೆ ವರ್ಗವಾಯಿತು. ಹೋಗುವ ಮುಂಚೆ ಮಫ್ತಿಯಲ್ಲಿ ಒಮ್ಮೆ ಬಂದ. ನಿಂತೇ ಚಹಾ ಕುಡಿದ. "ಮ್ಯಾಲಿನೋರು ತಿಂಗಳ ತಿಂಗಳಾ ಫೋಟೋ ಕೇಳ್ತಾರ ಅಕ್ಕಾ. ಸಮಿತಿ ಕೆಲಸ ಮಾಡ್ತೈತಿ ಅಂತ ತೋರಿಸಬೇಕು. ಆ ತಿಂಗಳು ನಿಮ್ಮದು ಬಿಟ್ಟರ ಬ್ಯಾರೆ ಏನೂ ಇರಲಿಲ್ಲ," ಎಂದ. ತಪ್ಪಾಯಿತು ಎಂದೂ ಅಂದ, ತಲೆ ಎತ್ತದೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ತೊಂದರೆಯಾಗುವುದೂ ಬೇಡ. ನನ್ನ ಮನೆಯಲ್ಲಿ ಕೊನೆಯದಾಗಿ ಚಹಾ ಕುಡಿದವನು ಅವನೇ.

ಈಗ ತಮ್ಮನ್ನು ಕೇಳುತ್ತೇನೆ. ಸಹಭಾಗಿತ್ವವೆಂದರೆ ಏನು? ಭಾಗ ಎಂದಮೇಲೆ ಎರಡು ಕಡೆಗೂ ಏನಾದರೂ ಬರಬೇಕು. ತಮ್ಮ ಭಾಗಕ್ಕೆ ಒಂದು ಜಪ್ತಿ, ಒಂದು ಫೋಟೋ, ಮೇಲಿನವರ ಮೆಚ್ಚುಗೆ ಬಂದವು. ನಮ್ಮ ಬೀದಿಯ ಭಾಗಕ್ಕೆ ಏನು ಬಂತು? ತಾವು ಜನರ ಹತ್ತಿರ ಬರಬೇಕೆಂದು ಹೊರಟಿರಿ, ಒಳ್ಳೆಯದೇ. ಆದರೆ ತಾವು ಬರುವ ಮುಂಚೆ ನಾವು ಒಬ್ಬರಿಗೊಬ್ಬರು ಹತ್ತಿರವೇ ಇದ್ದೆವು. ತಮ್ಮ ಸಭೆಯಲ್ಲಿ ಕೂತ ನಾನು ನನ್ನ ಬೀದಿಯವರ ಕಣ್ಣಿಗೆ ಪೊಲೀಸಿನವಳಾದೆ, ತಮ್ಮ ಕಣ್ಣಿಗೆ ಮಾತ್ರ ಪೊಲೀಸಿನವಳಾಗಲಿಲ್ಲ. ತಮ್ಮವಳಾಗಿದ್ದರೆ ನನ್ನ ಹೆಸರನ್ನು ಕಾಪಾಡುತ್ತಿದ್ದಿರಲ್ಲವೇ?

ನನ್ನ ತಪ್ಪನ್ನೂ ಬರೆಯದೆ ಈ ಪತ್ರ ಮುಗಿಸಿದರೆ ಜಂಬಮ್ಮನಿಗೆ ಅನ್ಯಾಯವಾಗುತ್ತದೆ. ನಮ್ಮ ಬೀದಿಯಲ್ಲಿ ಒಂದು ನಡಾವಳಿ ಇತ್ತು. ಯಾರ ಮನೆಯ ಹುಡುಗ ತಪ್ಪಿದರೂ ಮೊದಲು ಆ ಮನೆಯ ಕಟ್ಟೆಗೆ ಹೋಗಿ ಹೇಳಬೇಕು. ಬೈಗುಳ ಬಿದ್ದರೂ ಅಲ್ಲೇ ಬೀಳಲಿ. ಅಂದು ಹತ್ತು ಹೆಜ್ಜೆ ರಸ್ತೆ ದಾಟಿ ಅವಳಿಗೆ ಹೇಳಲು ನನಗೆ ಅಂಜಿಕೆಯಾಯಿತು, ಅವಳು ನೊಂದುಕೊಳ್ಳುತ್ತಾಳೆ ಎಂದು. ತಮ್ಮ ಸಮಿತಿ ಆ ಅಂಜಿಕೆಗೆ ಸುಲಭವಾದ ದಾರಿ ತೋರಿಸಿತು. ಆ ದಾರಿ ಹಿಡಿದವಳು ನಾನೇ. ಅದನ್ನು ಅವಳ ಮುಂದೆ ಒಪ್ಪಿಕೊಳ್ಳಬೇಕೆಂದಿದ್ದೇನೆ, ಅವಳು ಬಾಗಿಲು ತೆರೆದ ದಿನ.

ಆದ್ದರಿಂದ ನನ್ನ ಬೇಡಿಕೆ. ಈ ವರ್ಷದ ಶಾಂತಿ ಸಭೆ ಹತ್ತಿರ ಬಂದಿದೆ. ಅದೇ ಭವನದಲ್ಲಿ, ಅದೇ ಮೈಕಿನಲ್ಲಿ, ನಮ್ಮ ಬೀದಿಯ ಹೆಂಗಸರು ಕೂತಿರುವಾಗ ತಾವು ಹೇಳಬೇಕು: ನಾಗಲಕ್ಷ್ಮಿ ಕೇಳಿದ್ದು ನಿಧಾನವಾಗಿ ಹೋಗಿ ಎಂಬ ಒಂದು ಬುದ್ಧಿಮಾತು ಮಾತ್ರ, ಕೇಸು ಬೇಡವೆಂದೇ ಹೇಳಿದ್ದಳು, ಹೆಸರು ಮುಚ್ಚಿಡುತ್ತೇವೆಂದು ನಾವು ಮಾತು ಕೊಟ್ಟು ತಪ್ಪಿದೆವು. ಅರ್ಧ ನಿಮಿಷ ಸಾಕು. ಶಾಲು ಅಂದೇ ತರುತ್ತೇನೆ. ಸ್ಟಿಕ್ಕರನ್ನು ತೆಗೆಯಲು ಯಾರನ್ನಾದರೂ ಕಳಿಸಿ. ಸೀಮೆಎಣ್ಣೆ, ಕೊಬ್ಬರಿಎಣ್ಣೆ ಎರಡೂ ಹಚ್ಚಿ ತಿಕ್ಕಿದೆ, 'ಗೆಳೆಯರ' ಎಂಬುದು ಕಿತ್ತುಬಂತು, 'ಠಾಣೆಯ' ಎಂಬುದು ಹೋಗುತ್ತಿಲ್ಲ.

ಮೂವತ್ತೊಂದರಲ್ಲಿ ಮೂವತ್ತು ಜಂಪರ್ ಹೋದವು ಎಂದೆನಲ್ಲ. ಜಂಬಮ್ಮ ತನ್ನದನ್ನು ಇನ್ನೂ ಕೇಳಲು ಬಂದಿಲ್ಲ. ಮರೆತಿದ್ದಾಳೋ, ಬೇಕೆಂದೇ ಬಿಟ್ಟಿದ್ದಾಳೋ ಗೊತ್ತಿಲ್ಲ. ಅದೊಂದೇ ಗೂಟದಲ್ಲಿದೆ. ಮೊನ್ನೆ ನಲ್ಲಿಯಲ್ಲಿ ನೀರು ಹಿಡಿಯುವಾಗ ಅವಳನ್ನು ದೂರದಿಂದ ನೋಡಿದೆ. ಸೊರಗಿದ್ದಾಳೆ. ಭುಜ ಇಳಿದಿದೆ, ತೋಳು ಸಡಿಲವಾಗಿದೆ. ಗೂಟದಲ್ಲಿರುವ ಅಳತೆ ಈಗ ಅವಳದಲ್ಲ. ಅವಳಿಗೆ ಹೊಸದು ಹೊಲಿಯಬೇಕೆಂದರೆ ಅವಳು ಬಂದು ನನ್ನ ಮುಂದೆ ಕೈ ಎತ್ತಿ ನಿಲ್ಲಬೇಕು. ಟೇಪು ತೆಗೆದಿಟ್ಟಿದ್ದೇನೆ.

ಇಂತಿ,
ತಮ್ಮ ಕಡತದಲ್ಲಿ ಗೆಳತಿ, ತನ್ನ ಬೀದಿಯಲ್ಲಿ ಯಾರೂ ಅಲ್ಲದ
ನಾಗಲಕ್ಷ್ಮಿ
ಲೇಡೀಸ್ ಟೈಲರ್, ಶಾಲೆ ಬೀದಿ