ಅರ್ಧ ಮುಚ್ಚಿದ್ದ ವಾಲ್ವ್

ಅಕ್ಕ,

ಒಂದೇ ಮನೆಯ ಸೊಸೆಯರಾಗಿ ಹನ್ನೊಂದು ವರ್ಷ ನೀವು ಮೇಲೆ, ನಾನು ಕೆಳಗೆ ಇದ್ದೆವು. ಆಗ ಒಂದು ಚೀಟಿಯನ್ನೂ ಬರೆಯದವಳು ಈಗ ಕಾಗದ ಬರೆಯಲು ಕೂತಿದ್ದೇನೆ. ಹೇಗೆ ಶುರು ಮಾಡಬೇಕೋ ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ನೇರವಾಗಿ ಹೇಳಿಬಿಡುತ್ತೇನೆ: ನಿಮ್ಮ ಬಚ್ಚಲಿನ ಷವರ್‌ನಲ್ಲಿ ಈಗ ನೀರು ಚೆನ್ನಾಗಿ ಬರುತ್ತಿದೆ.

ನೀವು ಬಾಡಿಗೆ ಮನೆಗೆ ಹೋದ ಮೇಲೆ ಮಹಡಿ ಮೂರು ವರ್ಷ ಖಾಲಿಯಿತ್ತು. ಹೋದ ತಿಂಗಳು ನನ್ನ ಮಗಳು ಓದಿಕೊಳ್ಳಲೆಂದು ಅಲ್ಲಿ ಬಿಡಾರ ಹೂಡಿದಳು. ಎರಡನೆಯ ದಿನವೇ ತಲೆತುಂಬ ನೊರೆ ಹೊತ್ತು ಕೆಳಗಿಳಿದು ಬಂದು, "ಅಮ್ಮಾ, ಅದು ಷವರ್ರೋ, ನೆಗಡಿ ಬಂದ ಮೂಗೋ? ದೊಡ್ಡಮ್ಮ ಇಷ್ಟು ವರ್ಷ ಹೇಗೆ ಸ್ನಾನ ಮಾಡಿದ್ರು?" ಎಂದಳು. ನನಗೆ ನಗು ಬಂತು. ಅರ್ಧಕ್ಕೇ ನಿಂತಿತು.

ನೀವೂ ಅದನ್ನೇ ಹೇಳುತ್ತಿದ್ದಿರಲ್ಲ. "ನೀನು ಪಾತ್ರೆ ತೊಳೆಯೋಕೆ ನಲ್ಲಿ ತಿರುಗಿಸಿದ್ರೆ ಸಾಕು ಕಣೇ, ನನ್ನ ತಲೆ ಮೇಲಿನ ನೀರು ಮಾಯ." ನಾನದನ್ನು ಕೊಂಕು ಎಂದುಕೊಂಡೆ. ನಮಗೆ ಧೋ ಎಂದು ಸುರಿಯುವ ನೀರು, ಅದೇ ಟ್ಯಾಂಕಿನಿಂದ ನಿಮಗೇಕೆ ಬಾರದು?

ಪ್ಲಂಬರ್ ಬಂದು ಟೇಪು ಹಿಡಿದು ಅಳೆದ. "ನೀರಿಗೆ ಬಲ ಬರೋದು ಎತ್ತರದಿಂದಮ್ಮ. ಟ್ಯಾಂಕಿಗೂ ಈ ಷವರಿಗೂ ಮೂರೂವರೆ ಅಡಿ. ಕೆಳಗಿನ ಮನೆಗೆ ಹದಿಮೂರಕ್ಕೂ ಮೇಲೆ. ಪೈಪ್ ಬೇರೆ ಒಂದೇ, ಅದೂ ಸಣ್ಣದು. ಕೆಳಗಿನವರು ಬಿಟ್ಟಷ್ಟು ಮೇಲಿನವರಿಗೆ." ಹಾಗಾದರೆ ನೀವು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಟ್ಯಾಂಕನ್ನು ನಾಲ್ಕಡಿ ಎತ್ತರಿಸಿದೆವು. ಮಹಡಿಯ ಬಚ್ಚಲಿಗೆಂದೇ ದಪ್ಪ ಪೈಪ್ ಎಳೆಸಿದೆವು. ಸುಣ್ಣಗಟ್ಟಿದ ಷವರ್ ಬದಲಾಯಿಸಿದೆವು.

ಹಳೆಯ ಪೈಪ್ ಬಿಚ್ಚುವಾಗ ನಿಮ್ಮ ಬಚ್ಚಲಿಗೆ ನೀರು ಬಿಡುವ ವಾಲ್ವ್ ಅವನ ಕೈಗೆ ಬಂತು. ಒಳಗೆ ನೀರು ತಡೆಯುವ ಬಿಲ್ಲೆ ಅರ್ಧಕ್ಕೆ ಇಳಿದು ಕಚ್ಚಿಕೊಂಡಿತ್ತು. "ಯಾರಾದ್ರೂ ಮುಚ್ಚಿದ್ದಾ?" ಎಂದು ಕೇಳಿದೆ. "ತಿರುಗಿಸಿದ್ದೂ ಇರಬಹುದು, ಸವೆದು ತಾನಾಗೇ ಜಾರಿದ್ದೂ ಇರಬಹುದು. ಈಗ ಹೇಳಕ್ಕಾಗಲ್ಲ," ಎಂದು ಅದನ್ನು ಬಕೆಟ್ಟಿಗೆ ಹಾಕಿದ.

ಅಂದಿನಿಂದ ನನ್ನ ತಲೆ ನನ್ನ ಹತೋಟಿಯಲ್ಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ. ಮೂರು ವರ್ಷದ ಹಿಂದೆ ನೀವು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನನ್ನ ನೀರಿಗೆ ನೀನೇ ಏನೋ ಮಾಡಿದೀಯ," ಎಂದಿರಿ. ನಾನು, "ನನ್ನ ಮಗಳಾಣೆ, ಪೈಪು ವಾಲ್ವು ಯಾವುದನ್ನೂ ಮುಟ್ಟೇ ಇಲ್ಲ," ಎಂದೆ. ಮುಂದಿನ ತಿಂಗಳು ನಿಮ್ಮ ಸಾಮಾನು ಲಾರಿ ಹತ್ತಿತು. ಅಣ್ಣತಮ್ಮಂದಿರು ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ.

ಮೊನ್ನೆ ಬಸ್ ನಿಲ್ದಾಣದಲ್ಲಿ ನೀವೇ ಹತ್ತಿರ ಬಂದು, "ಯಾಕೇ ಇಷ್ಟು ಇಳಿದುಹೋಗಿದೀಯಾ?" ಎಂದಿರಿ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬಸ್ಸು ಬಂತೆಂದು ಸುಳ್ಳು ಹೇಳಿ ಯಾವುದೋ ಊರಿನ ಬಸ್ಸು ಹತ್ತಿಬಿಟ್ಟೆ.

ಮುಟ್ಟಿದ್ದೆ, ಅಕ್ಕ. ಬಟ್ಟೆ ಹರವಲು ಟೆರೇಸಿಗೆ ಹೋದಾಗ ಆ ವಾಲ್ವ್ ತೊಟ್ಟಿಕ್ಕುತ್ತಿತ್ತು. ಒಂದು ಸುತ್ತೋ ಎರಡು ಸುತ್ತೋ ತಿರುಗಿಸಿದೆ. ಹಿಂದಿನ ದಿನವಷ್ಟೇ ನೀವು ನೆಂಟರ ಮುಂದೆ ನನ್ನ ಅಡುಗೆಯನ್ನು ಆಡಿಕೊಂಡಿದ್ದಿರಿ. ಆ ಉರಿ ಆರಿರಲಿಲ್ಲ. ತಿರುಗಿಸಿದ್ದು ಹನಿ ನಿಲ್ಲಲೆಂದೋ, ನಿಮಗೆ ನೀರು ನಿಲ್ಲಲೆಂದೋ? ಎಷ್ಟು ಕೆದಕಿದರೂ ಗೊತ್ತಾಗುತ್ತಿಲ್ಲ. ಒಂದು ದಿನ ಬೇಕೆಂದೇ ಮಾಡಿದೆ ಅನ್ನಿಸುತ್ತದೆ, ಮರುದಿನ ಛೇ, ನಾನು ಅಂಥವಳಲ್ಲ ಅನ್ನಿಸುತ್ತದೆ. ನಿಮಗೆ ನೀರು ಕಡಿಮೆಯಾದದ್ದು ಅದಕ್ಕೆ ಮೊದಲೋ, ಆಮೇಲೋ? ನಿಮಗೆ ನೆನಪಿದ್ದೀತು. ಕೇಳಲು ಹೆದರಿಕೆ.

ಮುಟ್ಟೇ ಇಲ್ಲ ಎಂದದ್ದು ಮಾತ್ರ ಸುಳ್ಳು. ಅದೊಂದರಲ್ಲಿ ನನಗೆ ಗೊಂದಲವಿಲ್ಲ.

ಮಹಡಿಯ ಬೀಗದ ಕೈಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಯಾಕೆ ಏನು ಎಂದು ಕೇಳದೆ ಮಗಳು ಪುಸ್ತಕಗಳನ್ನು ಕೆಳಗೆ ತಂದುಕೊಂಡಿದ್ದಾಳೆ. ಇರಲು ಬನ್ನಿ, ಇಲ್ಲವೇ ಬೈಯಲಾದರೂ ಬನ್ನಿ.

ನೀವೂ ನಿಮ್ಮವರೂ ತಣ್ಣಗಿರಿ.

ಇಂತಿ,
ನಿಮ್ಮ ಓರಗಿತ್ತಿ