ನೊರೆ ಕಾಣದ ಗಾಜು

ಅಂಗಡಿಯಿಂದ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಅಳಿಯನ ನಮಸ್ಕಾರಗಳು. ಮಂಡಿನೋವು ಹೇಗಿದೆ? ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ಮರೆಯುತ್ತಿಲ್ಲ ತಾನೇ? ಆ ಬಾಟಲಿಯ ಉಸ್ತುವಾರಿಯನ್ನು ನಿಮ್ಮ ಮೊಮ್ಮಗಳಿಗೆ ಒಪ್ಪಿಸಿಬಿಡಿ. ಡಾಕ್ಟರಾಟ ಎಂದರೆ ಪುಟ್ಟಿ ಹೊತ್ತು ತಪ್ಪಲು ಬಿಡುವುದಿಲ್ಲ. ನಾನು ಆರಾಮವಾಗಿದ್ದೇನೆ. ಹಾಗೆ ಬರೆಯುವುದು ರೂಢಿ, ಬರೆದೆ. ನಿಮ್ಮ ಮಗಳು ತೀರಿಕೊಂಡು ಐದು ತಿಂಗಳಾಯಿತು. ಈಗಲೂ ಕ್ಷೌರದಂಗಡಿಯ ಬಾಗಿಲು ಹಾಕುವಾಗ ಇವತ್ತು ಒಗೆಯಲು ಎಷ್ಟು ಟವೆಲ್ ಆಯಿತು ಎಂದು ಎಣಿಸುತ್ತೇನೆ. ಮನೆಗೆ ಹೋದ ಕೂಡಲೇ ಅವಳು ಕೇಳುತ್ತಿದ್ದ ಮೊದಲ ಮಾತು ಅದೇ ಅಲ್ಲವೇ.

ನಿಮ್ಮ ಕಾಗದ ತಲುಪಿತು. ಪುಟ್ಟಿಯ ಕುತ್ತಿಗೆಯ ದದ್ದು ಪೂರ್ತಿ ಮಾಯವಾಗಿದೆ, ಮುಂದಿನ ತಿಂಗಳು ಅಲ್ಲಿನ ಶಾಲೆಗೇ ಸೇರಿಸುತ್ತೇನೆ ಎಂದು ಬರೆದಿದ್ದೀರಿ. ಮೊದಲ ಮಾತಿಗೆ ಜೀವ ತಣ್ಣಗಾಯಿತು, ಎರಡನೆಯದನ್ನು ಓದಿ ಕಾಗದ ಮಡಚಿಟ್ಟೆ. ಹೋದ ತಿಂಗಳು ಅವಳನ್ನು ಕರೆದುಕೊಂಡು ಹೊರಡುವಾಗ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ: "ಮಗೂ ಮೈ ನೋಡಿದ್ರೆ ಕರುಳು ಚುರುಕ್ ಅನ್ನುತ್ತೆ. ಮಗು ಸಾಕೋದು ಅಂದ್ರೆ ಕೂದಲು ಕತ್ತರಿಸಿದ ಹಾಗಲ್ಲಪ್ಪ." ನನಗೆ ಸಿಟ್ಟು ಬರಲಿಲ್ಲ. ದದ್ದು ಬಂದದ್ದು ನನ್ನ ಮನೆಯಲ್ಲಿ, ಹೋದದ್ದು ನಿಮ್ಮ ಮನೆಯಲ್ಲಿ. ಆದರೆ ಅದು ಯಾಕೆ ಬಂತೆಂದು ಈಗ ಗೊತ್ತಾಗಿದೆ. ಅದನ್ನು ತಿಳಿಸಲೆಂದೇ ಪೆನ್ನು ಹಿಡಿದೆ.

ಬಟ್ಟೆ ಒಗೆಯುವ ಮಷೀನನ್ನು ನಿಮ್ಮ ಮಗಳು ನನಗೆ ಮುಟ್ಟಗೊಡುತ್ತಿರಲಿಲ್ಲ. "ನಿಮ್ಮದು ಕತ್ತರಿ ಹಿಡಿಯೋ ಕೈ, ಸುಮ್ನೆ ಕೂತ್ಕೊಳ್ಳಿ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ನಾನೇ ಶುರು ಮಾಡಿದೆ. ಮುಂಭಾಗದಲ್ಲಿ ಗಾಜಿನ ಬಾಗಿಲಿರುವ ಮಷೀನು. ಬಟ್ಟೆ ಉರುಳುವುದು ಕಾಣುತ್ತದೆ, ನೊರೆ ಮಾತ್ರ ಕಾಣದು. ಇಪ್ಪತ್ತು ವರ್ಷ ಬ್ರಶ್ಶಿನಲ್ಲಿ ನೊರೆ ಎಬ್ಬಿಸಿದವನು ನಾನು. ನೊರೆ ಏಳಲಿಲ್ಲವೆಂದರೆ ಸೋಪು ಸಾಲದು, ಅಷ್ಟೇ ನನ್ನ ವಿದ್ಯೆ. ಒಂದು ಮುಚ್ಚಳ ಲಿಕ್ವಿಡ್ ಸೋಪು ಹಾಕುವಲ್ಲಿ ನಾಲ್ಕು ಸುರಿದೆ. ಬಟ್ಟೆ ಒಣಗಿ ರಟ್ಟಿನಂತಾಯಿತು. ಮೆತ್ತಗಾಗಲಿ ಎಂದು ಫ್ಯಾಬ್ರಿಕ್ ಕಂಡೀಷನರನ್ನೂ ಖಾನೆಯ ಗೆರೆ ಮೀರಿ ತುಂಬಿದೆ. ಪುಟ್ಟಿಯ ಫ್ರಾಕುಗಳಿಗಂತೂ ಇನ್ನೊಂದಿಷ್ಟು, ಅಮ್ಮನಿಲ್ಲದ ಕೂಸು ಘಮಘಮ ಅನ್ನಲಿ ಎಂದು.

ಹತ್ತು ದಿನದ ಹಿಂದೆ ಮಷೀನು ರಿಪೇರಿ ಮಾಡುವವನೊಬ್ಬ ಶೇವಿಂಗಿಗೆ ಬಂದಿದ್ದ. ಮುಖ ಒರೆಸಿದರೆ ನೀರು ಟವೆಲಿಗೆ ಇಳಿಯದೆ ಕೆನ್ನೆಯ ಮೇಲೆಯೇ ಜಾರಿತು. "ಏನಣ್ಣಾ ಇದು, ಟವೆಲ್ಲಾ ಪ್ಲಾಸ್ಟಿಕ್ಕಾ?" ಎಂದ. ಸೋಪಿನ ಕಥೆ ಹೇಳಿದೆ. ಕುರ್ಚಿಯಲ್ಲೇ ಬಿದ್ದು ಬಿದ್ದು ನಕ್ಕ. "ನೀನು ಬಟ್ಟೆ ಒಗೀತಿದ್ದೀಯೋ, ಅದಕ್ಕೆ ಗಡ್ಡ ಬೋಳಿಸ್ತಿದ್ದೀಯೋ?" ಆ ಬಗೆಯ ಮಷೀನಿಗೆ ನೀರು ಕಡಿಮೆ ಸಾಕಂತೆ, ಅದಕ್ಕೆಂದೇ ಮಾಡಿದ ಸೋಪು ನೊರೆ ಕಟ್ಟುವುದೇ ಕಡಿಮೆಯಂತೆ. ಹೆಚ್ಚಾದದ್ದು ಒಗೆದಷ್ಟೂ ಬಟ್ಟೆಯಲ್ಲೇ ಸೇರುತ್ತಾ ಹೋಗಿ, ಮೈಗೆ ಹತ್ತಿ ದದ್ದು ಏಳುತ್ತದೆ. ಕಂಡೀಷನರು ಟವೆಲಿನ ಎಳೆಗಳ ಮೇಲೆ ಮೇಣದಂತೆ ಕೂರುತ್ತದೆ. "ನಂಬಿಕೆ ಇಲ್ದಿದ್ರೆ ಒಗೆದ ಬಟ್ಟೇನೇ ಸೋಪಿಲ್ದೆ ತಿರುಗಿಸಿ ನೋಡು" ಎಂದ.

ಅಂದೇ ಪುಟ್ಟಿಯ ಕಪಾಟಿನಿಂದ ಮಡಚಿಟ್ಟ ಬಟ್ಟೆಗಳನ್ನು ತೆಗೆದು ಸೋಪಿಲ್ಲದೆ ಹಾಕಿದೆ. ಅತ್ತೆ, ಗಾಜಿನ ತುಂಬ ನೊರೆ! ಇಷ್ಟು ದಿನ ನಾನು ಹುಡುಕಿದ ನೊರೆಯೆಲ್ಲ ಮಗುವಿನ ಮೈಮೇಲಿತ್ತು. ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂತೆ. ಎದ್ದಾಗ ಮಷೀನು ನಿಂತು ಎಷ್ಟೋ ಹೊತ್ತಾಗಿತ್ತು. ನೊರೆ ನಿಲ್ಲಲು ನಾಲ್ಕು ಸಲ ತಿರುಗಿಸಬೇಕಾಯಿತು. ಈಗ ಸೋಪು ಅಳತೆಯಷ್ಟೇ. ಕಂಡೀಷನರು ಹೂವಿನ ಗುರುತಿನ ಖಾನೆಗೆ, ಅದೂ ಗೆರೆಯ ಕೆಳಗೆ. ಟವೆಲಿಗೂ ಪುಟ್ಟಿಯ ಬಟ್ಟೆಗೂ ಅದು ಬೇಡವೇ ಬೇಡ. ನಾನು ಇದೇ ಫ್ರಾಕುಗಳ ಜೊತೆ ಒಗೆದ ಅಂಗಿಯನ್ನು ವಾರದಿಂದ ಬರಿಮೈಗೆ ಹಾಕಿಕೊಂಡು ನೋಡುತ್ತಿದ್ದೇನೆ. ಎಲ್ಲೂ ತುರಿಕೆಯಿಲ್ಲ.

ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಮುತ್ತು. ನಿಮ್ಮ ಆಶೀರ್ವಾದದಲ್ಲಿ ನನಗೂ ಒಂದು ಪಾಲಿರಲಿ.

ಇಂತಿ,
ನಿಮ್ಮ ಅಳಿಯ

ಮರೆತಿದ್ದ ಮಾತೊಂದಿದೆ. ಗಿರಾಕಿ ಬಂದು ಕೂತಿದ್ದಾರೆ, ಅವಸರದಲ್ಲಿ ಗೀಚುತ್ತಿದ್ದೇನೆ. ಶಾಲೆಗೆ ಈಗಲೇ ಸೇರಿಸಬೇಡಿ. ಭಾನುವಾರ ಬರುತ್ತೇನೆ. ಒಂದು ತಿಂಗಳು ಅವಳನ್ನು ನನ್ನ ಜೊತೆ ಕಳಿಸಿ. ಒಂದೇ ಒಂದು ದದ್ದು ಕಂಡರೂ ನಾನೇ ತಂದು ಬಿಡುತ್ತೇನೆ. ಬರಲ್ಲ ಎಂದು ಅವಳೇ ಹೇಳಿದರೆ ಬಲವಂತ ಮಾಡುವುದಿಲ್ಲ. ಆದರೆ ಬರುತ್ತೀಯಾ ಎಂದು ಕೇಳುವಾಗ ನಾನು ಅವಳ ಎದುರಿಗಿರಬೇಕು. ಅಲ್ಲಿಯತನಕ ಅವಳನ್ನು ಏನೂ ಕೇಳಬೇಡಿ ಅತ್ತೆ.