ಶನಿವಾರದಿಂದಲೇ ಸರಿಯಿದ್ದ ಲಿಂಕ್

ಮಾರ್ಚ್ 18, ಮಂಗಳವಾರ

ಇದನ್ನು ಬರೆಯದೇ ಬಿಡುವವಳಿದ್ದೆ. ಎರಡು ದ್ವೀಪಗಳ ನಡುವಿನ ಇಂಟರ್ನೆಟ್ ಲಿಂಕ್ ಶನಿವಾರದಿಂದ ಸರಿಯಿದೆ. ಒಂದು ಸಲವೂ ಬಿದ್ದಿಲ್ಲ. ಆಚೆ ತುದಿಯ ರಾಯ್ಸ್ಟನ್‌ಗೆ ಮಾತ್ರ ಇವತ್ತೂ ಹೇಳಿದೆ — ಸಂಜೆ ಹೊತ್ತು ಇನ್ನೂ ಬೀಳುತ್ತಿದೆ ಎಂದು.

ಯಾರೂ ಓದದ ಪುಸ್ತಕದಲ್ಲೂ ಮುಚ್ಚಿಟ್ಟರೆ ಇನ್ನೆಲ್ಲಿ ಹೇಳುವುದು?

ಬೆಳಿಗ್ಗೆ ಎಂದಿನಂತೆ. ಚಿಕಿತ್ಸಾ ಕೇಂದ್ರದ ಬೀಗ ತೆಗೆದೆ, ರೂಟರ್‌ನ ಹಸಿರು ದೀಪ ನೋಡಿದೆ, ಆಮೇಲೆ ಕಿಟಕಿ. ಮೊದಲೆಲ್ಲ ಕಿಟಕಿ ಮುಂಚೆ. ಎದುರಿಗೆ ಸಮುದ್ರ, ಅದರಾಚೆ ಪೆಟಿ ಮಾರ್ಟಿನೀಕ್. ದ್ವೀಪವೆಂದರೆ ಒಂದೇ ಒಂದು ಗುಡ್ಡ. ಅದರ ಮೇಲಿರುವ ರಾಯ್ಸ್ಟನ್‌ನ ಡಿಶ್ ಆಂಟೆನಾ ಇಲ್ಲಿಂದ ಕಾಣುವುದಿಲ್ಲ. ಕಂಡಂತೆ ಅನಿಸುತ್ತದೆ, ಅಷ್ಟೇ.

ಈ ಕೆಲಸಕ್ಕೆ ನಾನು ಬಂದದ್ದೇ ವಿಚಿತ್ರ. ಚಂಡಮಾರುತ ಬಂದು ಹೋದ ಮೇಲೆ ಎರಡೂ ದ್ವೀಪಗಳಲ್ಲಿ ಛಾವಣಿಯೂ ಇರಲಿಲ್ಲ, ಕೇಬಲ್ಲೂ ಇರಲಿಲ್ಲ. ಡಾಕ್ಟರ್ ವಾರಕ್ಕೆರಡು ದಿನ ವಿಂಡ್‌ವರ್ಡ್‌ಗೆ, ನಮ್ಮಲ್ಲಿಗೆ ಬರುತ್ತಾರೆ. ಆಚೆ ದಡದಲ್ಲಿ ನರ್ಸ್ ಒಬ್ಬಳೇ. ಗಾಳಿಯಲ್ಲೇ ಲಿಂಕ್ ಹಾಕಿದರೆ ಡಾಕ್ಟರ್ ಇಲ್ಲಿ ಕೂತು ಅಲ್ಲಿಯವರನ್ನು ಸ್ಕ್ರೀನಿನಲ್ಲಿ ನೋಡಬಹುದು. ಈ ತುದಿಗೆ ಒಬ್ಬರು ಬೇಕಿತ್ತು. ರೋಗಿಗಳ ಕಡತ ಇಡುತ್ತಿದ್ದ ನಾನು ಸಿಕ್ಕೆ. ಆ ತುದಿಗೆ, ಹಡಗುಗಳಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ಊರಿಗೆ ಮರಳಿದ ರಾಯ್ಸ್ಟನ್ ಬೆಲ್ಮಾರ್. ರಾಜಧಾನಿ ಸೇಂಟ್ ಜಾರ್ಜ್ಸ್‌ನಲ್ಲಿ ಇಬ್ಬರಿಗೂ ಒಟ್ಟಿಗೆ ತರಬೇತಿ. ಪಕ್ಕಪಕ್ಕದ ಕುರ್ಚಿ.

ಲಿಂಕ್ ಸ್ಥಿರವಾಗಿದೆ ಎಂದು ನಾನು ಬರೆದು ಕಳಿಸಿದರೆ ಎಂಜಿನಿಯರ್ ಸಹಿ ಹಾಕುತ್ತಾರೆ. ಪರೀಕ್ಷೆ ಮುಗಿಯುತ್ತದೆ. ಸಂಜೆ ಆರಕ್ಕೆ ರೇಡಿಯೋದಲ್ಲಿ ಅವನು ನನಗೆ ಸಿಗ್ನಲ್ಲಿನ ನಂಬರ್ ಓದಿ ಹೇಳುವುದು, ನಾನು ಅವನಿಗೆ ಹೇಳುವುದು — ಅದೂ ಮುಗಿಯುತ್ತದೆ.

ನಲವತ್ತಾರು ವಯಸ್ಸು ನನಗೆ. ಏನು ಮಾಡುತ್ತಿದ್ದೇನೆ?

ಮಾರ್ಚ್ 19, ಬುಧವಾರ

ಟ್ಯಾಂಟಿ ವೆಸ್ಟಾ ಇವತ್ತು ಆರಕ್ಕೆ ಐದು ನಿಮಿಷ ಇರುವಾಗಲೇ ರೇಡಿಯೋ ಹಾಕಿಕೊಂಡು ಕೂತಿದ್ದಳಂತೆ. ಅಪ್ಪನ ತಂಗಿ, ನಾವಿಬ್ಬರೇ ಮನೆಯಲ್ಲಿ. ಇಲ್ಲಿ ಪ್ರತಿ ಅಡುಗೆಮನೆಯಲ್ಲೂ ದೋಣಿಯವರ ರೇಡಿಯೋ ಇರುತ್ತದೆ, ಉಪ್ಪಿನ ಡಬ್ಬಿಯ ಹಾಗೆ; ಒಬ್ಬರು ಆಡಿದ್ದು ಎಲ್ಲರಿಗೂ ಕೇಳುತ್ತದೆ.

ಮನೆಗೆ ಬಂದಾಗ ಕೇಳಿದಳು: "ಏನೇ, ಇನ್ನೂ ಬೀಳ್ತಾನೇ ಇದೆಯಾ ನಿಮ್ ಲಿಂಕು?"

"ಸ್ವಲ್ಪ."

"ಪಾಪ. ಎಷ್ಟು ದಿನ ಅಂತ ಬೀಳತ್ತೆ ಅದು! ಬೇಕ್ ರೊಟ್ಟಿ ಕರಿದಿಟ್ಟಿದ್ದೀನಿ ತಿನ್ನು, ಉಪ್ಪುಮೀನು ಬಾಣಲೆಯಲ್ಲಿದೆ." ತಲೆ ಎತ್ತಲಿಲ್ಲ. ನಗುತ್ತಿದ್ದಳೇನೋ.

ನಿಜವಾಗಿ ಬೀಳುತ್ತಿದ್ದಾಗ ಇಷ್ಟು ಸುಖವಿರಲಿಲ್ಲ. ಮೊದಲ ವಾರ ಎಲ್ಲ ಹೊಂದಿಸಿದೆ, ಸೇವ್ ಮಾಡಲಿಲ್ಲ. ಕರೆಂಟ್ ಹೋಗಿ ಬಂತು. ರೂಟರ್ ಹುಟ್ಟಿದ ದಿನದಷ್ಟೇ ಖಾಲಿ. ಎರಡನೇ ವಾರ ಇಲ್ಲಿಂದಲೇ ಅವನ ರೂಟರ್‌ನೊಳಗೆ ಹೋಗಿ ಅದರ ವಿಳಾಸ ಬದಲಾಯಿಸಿದೆ — ನಾನು ಒಳಗೆ ಹೋದದ್ದೇ ಆ ವಿಳಾಸದಿಂದ ಎಂಬುದನ್ನು ಮರೆತು. ಮನೆಯ ಬೀಗ ಬದಲಿಸಿ ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅವನು ಮಧ್ಯಾಹ್ನದ ಬಿಸಿಲಿನಲ್ಲಿ ಗುಡ್ಡ ಹತ್ತಿ ಹೇರ್‌ಪಿನ್ನಿನಿಂದ ರೀಸೆಟ್ ಗುಂಡಿ ಒತ್ತಿದ. ಬಯ್ಯುತ್ತಾನೆಂದುಕೊಂಡೆ.

"ಆವ್ರಿಲ್," ಅಂದ ರೇಡಿಯೋದಲ್ಲಿ, ಏದುಸಿರು ಬಿಡುತ್ತ, "ಮೇಲಿಂದ ನಿಮ್ಮ ಊರು ಬಹಳ ಚೆನ್ನಾಗಿ ಕಾಣತ್ತೆ. ಇನ್ನೊಂದ್ಸಲ ತಪ್ಪು ಮಾಡು ಬೇಕಾದ್ರೆ."

ಕೊನೆಯ ತೊಂದರೆಯನ್ನು ನಾನೇ ಕಂಡುಹಿಡಿದೆ. ಅದರ ಹೆಮ್ಮೆ ಇದೆ, ಇರಲಿ. ಲಿಂಕ್ ದಿನಕ್ಕೆರಡು ಬಾರಿ ಸೊರಗುತ್ತಿತ್ತು, ದಿನದಿಂದ ದಿನಕ್ಕೆ ಸ್ವಲ್ಪ ತಡವಾಗಿ. ಕೇಬಲ್ ಬದಲಿಸಿದೆವು, ಚಾನೆಲ್ ಬದಲಿಸಿದೆವು. ಒಂದು ದಿನ ಕಿಟಕಿಯ ಹೊರಗೆ ನೋಡುತ್ತ ಕೂತವಳಿಗೆ ಹೊಳೆಯಿತು — ಹೀಗೆ ತಡವಾಗುತ್ತ ಹೋಗುವುದು ಉಬ್ಬರ ಮಾತ್ರ. ನೀರು ಏರಿದಾಗ ಸಿಗ್ನಲ್ ನೀರಿನ ಮೇಲೆ ಪುಟಿದು, ನೇರವಾಗಿ ಬರುವ ಸಿಗ್ನಲ್ಲನ್ನೇ ಅಳಿಸುತ್ತಿತ್ತು. ಶನಿವಾರ ನನ್ನ ಡಿಶ್ಶನ್ನು ಕಂಬದಲ್ಲಿ ಎರಡು ಮೊಳ ಮೇಲಕ್ಕೆ ಕಟ್ಟಿಸಿದೆ. ಮುಗಿಯಿತು.

ಮುಗಿಯಿತು ಎಂದು ಹೇಳುವುದೊಂದು ಬಾಕಿ.

ಮಾರ್ಚ್ 20, ಗುರುವಾರ

ಡಾಕ್ಟರ್ ಕೇಳಿದರು — ಯಾವಾಗ ಶುರು ಮಾಡೋಣ? ಇನ್ನು ಕೆಲವು ದಿನ ನೋಡಬೇಕು ಅಂದೆ. ಖಾತ್ರಿಯಾಗದೆ ರೋಗಿಗಳನ್ನು ಅದರ ಮೇಲೆ ಹಾಕುವುದು ಸರಿಯಲ್ಲ ಅಂದೆ. ಎಷ್ಟು ಸಲೀಸಾಗಿ ಬಂತು ಮಾತು.

ಹನ್ನೊಂದಕ್ಕೆ ಆಚೆ ದಡದ ದೋಣಿ ಬಂತು. ಗಾಳಿ ಜೋರಾಗಿತ್ತು, ಅಲೆಗಳ ಮೇಲೆ ಬಿಳಿ ನೊರೆಯೆದ್ದಿತ್ತು. ಇಬ್ಬರು ಗಂಡಸರು ಒಬ್ಬ ಮುದುಕಿಯನ್ನು ತೋಳು ಹಿಡಿದು ಜೆಟ್ಟಿಗೆ ಎತ್ತಿದರು. ಸೊಂಟದವರೆಗೆ ಒದ್ದೆ. ಒಂದು ಕಾಲಿಗೆ ಬಟ್ಟೆ ಸುತ್ತಿದೆ, ಅದೂ ಉಪ್ಪುನೀರಿನಲ್ಲಿ ನೆನೆದಿದೆ. ಆಕೆ ನಗುತ್ತಿದ್ದಳು.

"ಎಪ್ಪತ್ತೆಂಟು ವರ್ಷಕ್ಕೆ ನನ್ನನ್ನ ಗಂಡಸರು ಎತ್ಕೊಂಡ್ರು ನೋಡು! ನಮ್ಮ ಯಜಮಾನ ಒಂದಿನ ಎತ್ತಲಿಲ್ಲ."

ಟವೆಲ್ ಕೊಟ್ಟೆ, ಹೆಸರು ಕೇಳಿದೆ, ಕಡತಕ್ಕೆ.

"ಇಸ್ಮೇ ಬೆಲ್ಮಾರ್."

ಪೆನ್ನು ನಿಂತಿತು. ಆಕೆ ನನ್ನನ್ನೇ ನೋಡಿದಳು. "ನೀನು ಆ ರೇಡಿಯೋ ಹುಡುಗಿ ಅಲ್ವಾ? ದನಿ ಗೊತ್ತಾಯ್ತು. ನಮ್ಮ ರಾಯ್ಸ್ಟನ್ ಹೇಳ್ತಾನೆ, ಬಹಳ ಜಾಗ್ರತೆ ಅಂತೆ ನೀನು. ಪೂರ್ತಿ ಸರಿಯಾಗೋವರೆಗೆ ಸರಿ ಅನ್ನಲ್ಲವಂತೆ."

ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಹುಣ್ಣು. ಡಾಕ್ಟರ್ ಒಳಗೆ ಕರೆದರು, ಬಾಗಿಲು ಹಾಕಿಕೊಂಡರು. ಹೊರಬಂದ ಮೇಲೆ ನನಗೆ ಹೇಳಿದರು: ಬೆರಳು ಉಳಿಯಬಹುದು. ಒದ್ದೆ ಮಾಡಿಕೊಳ್ಳಬಾರದು. ದಿನ ಬಿಟ್ಟು ದಿನ ಯಾರಾದರೂ ನೋಡುತ್ತಿರಬೇಕು.

ಆಕೆ ಹೋಗುವಾಗಲೂ ಅದೇ ದೋಣಿ, ಅದೇ ಅಲೆ. ನನ್ನ ಮಳೆಕೋಟಿನಲ್ಲಿ ಕಾಲು ಸುತ್ತಿ ಕಳಿಸಿದೆ. ಹಸಿರು ದೀಪ ಉರಿಯುತ್ತಲೇ ಇತ್ತು.

ಆರು ಗಂಟೆಗೆ ರೇಡಿಯೋ ಹಾಕಲಿಲ್ಲ. ತಲೆನೋವು ಎಂದು ಟ್ಯಾಂಟಿಗೆ ಹೇಳಿದೆ.

ಮಾರ್ಚ್ 24, ಸೋಮವಾರ

ಮೂರು ದಿನ ಇಲ್ಲಿ ಬರೆಯಲಾಗಲಿಲ್ಲ.

ಇವತ್ತು ಎಂಜಿನಿಯರ್‌ಗೆ ಕಳಿಸುವ ವರದಿಗಾಗಿ ಡಿಶ್‌ನ ಪುಟ ತೆರೆದೆ. ದಿನವೂ ತೆರೆಯುವ ಪುಟವೇ. ಮೇಲಿರುವ ಸಂಖ್ಯೆ ಓದಿ ಮುಚ್ಚುತ್ತಿದ್ದೆ. ಇವತ್ತು ಕೆಳಗಿಳಿದೆ. ಅಲ್ಲಿ ಇನ್ನೊಂದು ಸಾಲು: ಆ ತುದಿಯ ಸಿಗ್ನಲ್. ಎಷ್ಟು ಹೊತ್ತಿನಿಂದ ಲಿಂಕ್ ಬೀಳದೆ ನಿಂತಿದೆ, ಅದೂ.

ಅವನ ತುದಿ ನನಗೆ ಕಾಣುತ್ತದೆಂದರೆ ನನ್ನ ತುದಿ ಅವನಿಗೆ ಕಾಣುತ್ತದೆ. ಲಿಂಕ್ ಒಂದು ಕಡೆ ಮಾತ್ರ ಬೀಳುವುದಿಲ್ಲ.

ಅಂದರೆ ಅವನಿಗೆ ಗೊತ್ತು. ಶನಿವಾರದಿಂದಲೂ. "ಹೌದಾ? ಇನ್ನೊಂದು ದಿನ ನೋಡೋಣ ಬಿಡು" ಅಂದಾಗೆಲ್ಲ ಗೊತ್ತಿತ್ತು.

ನನ್ನ ಮಾನ ಕಾಯಲು ಸುಮ್ಮನಿದ್ದನೇ? ಅಥವಾ ಅವನಿಗೂ ಆ ಆರು ಗಂಟೆ ಬೇಕಿತ್ತೇ? ಎರಡನೆಯದನ್ನು ನಂಬಲು ಆಸೆಯಾಗುತ್ತದೆ, ಅದಕ್ಕೇ ನಂಬಬಾರದು ಅನಿಸುತ್ತದೆ. ಆದರೆ ತಾಯಿ ನೆನೆದು ಹೋದ ಮೇಲೂ ಸುಮ್ಮನಿದ್ದನಲ್ಲ. ಅದು ಸೌಜನ್ಯವಲ್ಲ.

ವರದಿ ಬರೆದೆ. ಲಿಂಕ್ ಸ್ಥಿರವಾಗಿದೆ, ಮಾರ್ಚ್ 15ರಿಂದ. ದಿನಾಂಕ ತಿದ್ದಲಿಲ್ಲ. ಕಳಿಸಿದೆ. ಈಗ ಅವನಿಗೆ ಹೇಳಬೇಕು. ಅವನ ಫೋನ್ ನಂಬರ್ ಇದೆ. ದಿಬ್ಬ ಹತ್ತಿದರೆ ಮೊಬೈಲೂ ಸಿಗುತ್ತದೆ. ಬೇಡ. ಸುಳ್ಳು ಎಲ್ಲಿ ಹೇಳಿದೆನೋ ಅಲ್ಲೇ.

ಮಾರ್ಚ್ 25, ಮಂಗಳವಾರ

ಆರು ಗಂಟೆ. ರೇಡಿಯೋದ ಗುಂಡಿ ಒತ್ತಿದೆ.

"ರಾಯ್ಸ್ಟನ್, ಲಿಂಕ್ ಸರಿಯಿದೆ. ಹದಿನೈದನೇ ತಾರೀಖಿಂದಲೂ ಸರಿಯಿತ್ತು. ಬೀಳ್ತಿದೆ ಅಂತ ನಾನು ಸುಳ್ಳು ಹೇಳಿದೆ. ಓವರ್."

 

"ಗೊತ್ತು," ಅಂದ. "ನನ್ನ ಸ್ಕ್ರೀನಲ್ಲೂ ಕಾಣತ್ತಲ್ಲ. ನಾನೂ ಸುಮ್ನಿದ್ದೆ. ಗುರುವಾರ ಅಮ್ಮ ಒದ್ದೆಯಾಗಿ ಮನೆಗೆ ಬಂದಾಗ ಹೇಳ್ಬೇಕು ಅಂತ ರೇಡಿಯೋ ಹಿಡ್ಕೊಂಡು ಕೂತೆ. ನೀನು ಬರ್ಲಿಲ್ಲ. ಆಮೇಲೆ ಧೈರ್ಯ ಹೋಯ್ತು. ತಪ್ಪು ನಿನ್ನದಷ್ಟೇ ನಂದೂ ಇದೆ. ಓವರ್."

ನಾನು ಗುಂಡಿ ಒತ್ತುವ ಮೊದಲೇ ಬೇರೊಂದು ದನಿ ನುಗ್ಗಿತು. ಕಪ್ತಾನ್ ಸಿಂಬರ್ಟ್, ಮೀನಿನ ದೋಣಿಯವನು, ನಡು ಸಮುದ್ರದಿಂದ.

"ನಂಗೂ ಗೊತ್ತಿತ್ತು ಕಣ್ರಪ್ಪಾ! ನಮ್ಮನೆಯವಳು ಆರಾಯ್ತು ಅಂದ್ರೆ ಒಲೆ ಆರಿಸಿ ಕೂತ್ಕೋತಾಳೆ ನಿಮ್ಮಿಬ್ಬರ ನಂಬರ್ ಕೇಳೋಕೆ. ಹತ್ತು ದಿನದಿಂದ ನಂಗೆ ತಣ್ಣಗಿರೋ ಊಟ. ಬೇಗ ಏನಾದ್ರೂ ಮಾಡಿ. ಓವರ್!"

"ಸಿಂಬರ್ಟ್, ನಿನ್ನ ಬಲೆ ನೋಡ್ಕೋ," ಅಂದ ರಾಯ್ಸ್ಟನ್. "ಆವ್ರಿಲ್, ಎಪ್ಪತ್ತೆರಡಕ್ಕೆ ಬಾ."

ಎಪ್ಪತ್ತೆರಡನೇ ಚಾನೆಲ್‌ಗೆ ತಿರುಗಿಸಿದೆ. ಒಂದು ಕ್ಲಿಕ್. ಇನ್ನೊಂದು. ಇನ್ನೂ ಮೂರು ನಾಲ್ಕು. ಎಲ್ಲರೂ ಹಿಂದೆಯೇ ಬಂದಿದ್ದರು.

"ಯಾರ್ಯಾರು ಇದ್ದೀರಿ ಇಲ್ಲಿ?" ಅಂದ.

 ಯಾರದೋ ಗುಂಡಿ ತಪ್ಪಿ ಒತ್ತಿಹೋಗಿ, ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದದ್ದು ಸ್ಪಷ್ಟವಾಗಿ ಕೇಳಿಸಿತು.

"ನಾಳೆಯಿಂದ ಓದೋಕೆ ನಂಬರ್ ಇರಲ್ಲ," ಅಂದ. "ಆದ್ರೂ..." ಬಹಳ ಹೊತ್ತು ಗುಂಡಿ ಒತ್ತಿಯೇ ಹಿಡಿದಿದ್ದ, ಅವನ ಉಸಿರು ಕೇಳುತ್ತಿತ್ತು. "ಇಷ್ಟು ಜನರ ಮುಂದೆ ಆಗಲ್ಲ. ಓವರ್ ಆ್ಯಂಡ್ ಔಟ್."

ಮನೆಗೆ ಬಂದರೆ ಟ್ಯಾಂಟಿ ಕೋಕೋ ಟೀ ಕಾಯಿಸಿಟ್ಟಿದ್ದಳು.  ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದ್ದಳು.

ಮಾರ್ಚ್ 27, ಗುರುವಾರ

ಸ್ಕ್ರೀನಿನಲ್ಲಿ ಮೊದಲ ರೋಗಿ: ಮಿಸ್ ಇಸ್ಮೇ (ಹಿರಿಯ ಹೆಂಗಸರೆಲ್ಲ ನಮಗೆ ಮಿಸ್). ಅಲ್ಲಿ ನರ್ಸ್ ಕಾಲನ್ನು ಸ್ಟೂಲಿನ ಮೇಲಿಟ್ಟು ಕ್ಯಾಮೆರಾ ಹತ್ತಿರ ತಂದಳು. ಹೆಬ್ಬೆರಳು ಸ್ಕ್ರೀನ್ ತುಂಬ ಬಂತು. ಸುತ್ತಲಿನ ಕೆಂಪು ಇಳಿದಿದೆ. ಡಾಕ್ಟರ್ ಎರಡು ಸಲ ನೋಡಿದರು. "ಉಳಿಯುತ್ತೆ," ಅಂದರು.

ಮಿಸ್ ಇಸ್ಮೇ ಬಗ್ಗಿ ಕ್ಯಾಮೆರಾದೊಳಗೆ ಇಣುಕಿದಳು. "ಡಾಕ್ಟರೇ, ಪಕ್ಕದಲ್ಲಿರೋಳನ್ನ ತೋರ್ಸಿ. ಮಳೆಕೋಟು ನನ್ನ ಹತ್ರಾನೇ ಇದೆ ಅಂತ ಹೇಳಿ. ಈಗ್ಲೇ ಕೊಡಲ್ಲ ಅಂತಲೂ ಹೇಳಿ."

ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಅಂಚಿನಲ್ಲಿ ಒಂದು ಭುಜ ಕಾಣುತ್ತಿತ್ತು, ನೀಲಿ ಅಂಗಿ. ರಾಯ್ಸ್ಟನ್ ಕೇಬಲ್ ಹಿಡಿದು ನಿಂತಿದ್ದ. ಚೌಕಟ್ಟಿನೊಳಗೆ ಬರಲಿಲ್ಲ.

ಸಂಜೆ ಆರಕ್ಕೆ ಏನೂ ಕೆಲಸವಿರಲಿಲ್ಲ. ಮೇಜು ಒರೆಸಿದೆ. ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ.

ಮಾರ್ಚ್ 31, ಸೋಮವಾರ

ಅವನು ಫೋನ್ ಮಾಡಿಲ್ಲ. ನಾನೂ. ಕಾರಣವಿಲ್ಲದೆ ಕರೆಯುವುದನ್ನು ನಾವಿಬ್ಬರೂ ಯಾವತ್ತೂ ಮಾಡಿದವರಲ್ಲ. ದೋಣಿ ಹತ್ತಿದರೆ ಅರ್ಧ ಗಂಟೆ. ಆದರೆ ನಾನು ಇಳಿಯುವ ಮೊದಲೇ ಸುದ್ದಿ ಇಳಿದಿರುತ್ತದೆ.

ಟ್ಯಾಂಟಿ ತೊಗರಿಕಾಯಿ ಸುಲಿಯುತ್ತಿದ್ದಳು. ಮಾತು ಅವಳೇ ತೆಗೆದಳು.

"ಅವನು ಯಾರಿಗೆ ಬರೀಬೇಕು ಹೇಳು? ಹುಡುಗ ಅಂದ್ಮೇಲೆ ಹುಡುಗಿ ಮನೆಗೆ ಒಪ್ಪಿಗೆ ಕೇಳಿ ಕಾಗದ ಬರೀಬೇಕು. ನಿಮ್ಮಪ್ಪ ಇಲ್ಲ, ಅಮ್ಮ ಇಲ್ಲ. ನಾನಿದ್ದೀನಿ ಅಂತ ಅವನಿಗೆ ಗೊತ್ತಾ?"

"ಈಗ ಯಾರು ಬರೀತಾರೆ ಟ್ಯಾಂಟಿ, ಅದೆಲ್ಲ ನಿಮ್ಮ ಕಾಲಕ್ಕೆ."

"ನಮ್ಮ ಕಾಲಕ್ಕೆ! ನಂಗೆ ಎರಡು ಬಂದಿದ್ವು ಗೊತ್ತಾ? ಇಬ್ಬರು ಹುಡುಗರಿಗೂ ಬರಿಯೋಕೆ ಬರ್ತಿರ್ಲಿಲ್ಲ. ಎರಡೂ ಹೆಡ್‌ಮಾಸ್ಟರ್ ಕೈಯಲ್ಲಿ ಬರ್ಸಿದ್ದು. ಎಂಥಾ ಅಕ್ಷರ, ಎಂಥಾ ಮಾತು! ಓದಿ ಓದಿ ನನ್ನ ಮನಸ್ಸು ಹೆಡ್‌ಮಾಸ್ಟರ್ ಮೇಲೇ ಹೋಯ್ತು. ಅವರಿಗೋ, ಮದುವೆ ಆಗಿತ್ತು."

ಇಬ್ಬರೂ ನಕ್ಕೆವು. ಅವಳ ಕಣ್ಣಲ್ಲಿ ನೀರು ಬಂತು, ನಗುವಿನದೇ ಎಂದುಕೊಂಡೆ.

ಸಿಪ್ಪೆ ಒಟ್ಟುಮಾಡುತ್ತ ಅಂದಳು: "ಅವನು ಬರಿಯಲ್ಲ ಕಣೇ. ಅವನ ಉಸಿರು ಕೇಳಿದೆ ನಾನು, ಎಪ್ಪತ್ತೆರಡರಲ್ಲಿ. ಐವತ್ತೆರಡು ವರ್ಷದ ಗಂಡಸು, ಗುಂಡಿ ಬಿಡೋಕೇ ಭಯ. ನೀನೇ ಬರಿ."

"ಹೆಂಗಸು ಬರೆಯೋದಾ? ಯಾರಿಗೆ?"

"ಯಾಕೆ, ಅವನ ತಾಯಿ ಬದುಕಿದ್ದಾಳಲ್ಲ!"

ಏಪ್ರಿಲ್ 2, ಬುಧವಾರ

ನಿನ್ನೆ ಬರೆದ ಕಾಗದ ಹರಿದೆ. ಅರ್ಜಿಯ ಹಾಗಿತ್ತು. ಶಾಲೆಯಲ್ಲಿ ಕಲಿಸಿದ ಇಂಗ್ಲಿಷು ರಜೆ ಕೇಳುವುದಕ್ಕೆ ಚೆನ್ನಾಗಿ ಒದಗುತ್ತದೆ, ಇದಕ್ಕಲ್ಲ.

ಇವತ್ತು ಗೆರೆಯಿಲ್ಲದ ಹಾಳೆ, ನೀಲಿ ಶಾಯಿ. ಪ್ರೀತಿಯ ಮಿಸ್ ಇಸ್ಮೇ ಎಂದು ಶುರುಮಾಡಿದೆ. ಕಾಲು ಹೇಗಿದೆ ಎಂದು ಮೊದಲು ಕೇಳಿದೆ — ಅದು ನಿಜವಾಗಿಯೂ ಮೊದಲು. ಆ ಗುರುವಾರ ನೀವು ನೆನೆದು ಬಂದದ್ದರಲ್ಲಿ ನನ್ನ ಪಾಲು ಎಷ್ಟೆಂದು ಬರೆದೆ. ಸುಳ್ಳು ಏಕೆ ಹೇಳಿದೆನೆಂದೂ. ಆಮೇಲೆ, ನಮ್ಮ ಕಡೆ ಗಂಡಸರು ಬರೆಯುವ ಮಾತನ್ನೇ ಬರೆದೆ, ತಿರುಗಿಸಿ: ನಿಮ್ಮ ಮಗನ ಬಗ್ಗೆ ನನಗೆ ಗೌರವವೂ ಪ್ರೀತಿಯೂ ಇದೆ, ನಿಮ್ಮ ಒಪ್ಪಿಗೆಯಿದ್ದರೆ, ಅವನಿಗೂ ಮನಸ್ಸಿದ್ದರೆ, ಭಾನುವಾರಗಳಂದು ನಿಮ್ಮ ಮನೆಗೆ ಬಂದು ಹೋಗಲು ಅನುಮತಿ ಕೇಳುತ್ತೇನೆ.

ಓದಿ ನೋಡಿದೆ. ಮುಖ ಬಿಸಿಯಾಯಿತು. ಬದಲಿಸಲಿಲ್ಲ.

ಆಕೆ ಬೇಡ ಎನ್ನಬಹುದು. ಅವನೂ ಎನ್ನಬಹುದು. ಆಗ ಡಾಕ್ಟರ್ ಬರುವ ದಿನಗಳಲ್ಲೆಲ್ಲ ಸ್ಕ್ರೀನಿನ ಈಚೆ ನಾನು, ಆಚೆ ಆ ನೀಲಿ ಅಂಗಿ. ಅದಕ್ಕೂ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಇವತ್ತಿಗೆ ಆಗಿಲ್ಲ.

ಲಕೋಟೆ ಅಂಟಿಸಿದೆ. ಟ್ಯಾಂಟಿ ಸ್ಟಾಂಪ್ ತಾನೇ ಹಚ್ಚುತ್ತೇನೆಂದು ಹಟ ಮಾಡಿ ಹಚ್ಚಿದಳು, ಸ್ವಲ್ಪ ಸೊಟ್ಟಗೆ. ನಾಳೆಯ ಅಂಚೆ ಚೀಲಕ್ಕೆ ಹಾಕಬಹುದು. ನಾಳೆ ಬೇಡ, ನಾಳೆ ಡಾಕ್ಟರ್ ದಿನ, ಕಾಗದ ದಾರಿಯಲ್ಲಿರುವಾಗ ಆ ಭುಜ ನೋಡಲಾರೆ. ಅಂಚೆ ದೋಣಿ ಮತ್ತೆ ಹೋಗುವುದು ಶುಕ್ರವಾರ. ಏಪ್ರಿಲ್ 4. ಆ ಚೀಲಕ್ಕೆ ಹಾಕುತ್ತೇನೆ, ಇನ್ನೊಂದು ದಿನ ನೋಡೋಣ ಎನ್ನುವುದಿಲ್ಲ.